ಕ್ಯಾರನ್, ಕೌಂಟಿ ಕ್ಲೇರ್: ಪೋಲ್ನಬ್ರೋನ್ ಒಂದನ್ನೇ ನೋಡಿ ಹೊರಟುಬಿಡಬೇಡಿ

ದಾರಿಹುಡುಕ
ಏಪ್ರಿಲ್ ಕೊನೆಯ ವಾರ ಐರ್ಲೆಂಡಿನ ಗಾಲ್ವೇಯಿಂದ ಎರಡು ದಿನದ ಮಟ್ಟಿಗೆ ಬರೆನ್ ಕಡೆ ಹೋಗುವ ಯೋಚನೆ ಇದೆ. ಜೊತೆಗೆ ಅರವತ್ತೈದು ದಾಟಿದ ಅಪ್ಪ ಅಮ್ಮ, ಬಾಡಿಗೆ ಕಾರು. ಎಲ್ಲಿ ನೋಡಿದರೂ "ಪೋಲ್ನಬ್ರೋನ್ ಹತ್ತು ನಿಮಿಷ, ಆಮೇಲೆ ಮೋಹರ್ ಕಡಲಬಂಡೆ" ಅಂತಲೇ ಬರೆದಿದ್ದಾರೆ (ಪೋಲ್ನಬ್ರೋನ್ ಅಂದರೆ ಅಲ್ಲಿನ ಹಳೇ ಕಲ್ಲುಗೋರಿ). ನಕ್ಷೆಯಲ್ಲಿ ಪಕ್ಕಕ್ಕೇ ಕ್ಯಾರನ್ ಅನ್ನೋ ಪುಟ್ಟ ಊರು ಕಾಣುತ್ತೆ. ಅಲ್ಲಿ ನಿಂತು ನೋಡುವಂಥದ್ದು ಏನಿದೆ? ರಸ್ತೆ ಹೇಗಿದೆ? ತಿಳಿದವರು ವಿವರವಾಗಿ ಹೇಳಿ.

ಗಾಲ್ವೇ_ಕನ್ನಡ
ಮೊದಲು ಊರು ಎಲ್ಲಿದೆ ಅಂತ ತಿಳ್ಕೊಳ್ಳಿ. ಕ್ಯಾರನ್ ಬರೆನ್ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಪೂರ್ವ ಭಾಗದಲ್ಲಿದೆ. ಉತ್ತರಕ್ಕೆ ಹೋದರೆ ಬೆಲ್ ಹಾರ್ಬರ್ ಮತ್ತು ಸಮುದ್ರ, ದಕ್ಷಿಣಕ್ಕೆ ಕಿಲ್ನಬಾಯ್, ಅಲ್ಲಿಂದ ಮುಂದೆ ಕೊರೊಫಿನ್. ಪಶ್ಚಿಮಕ್ಕೆ ಆರ್480 ರಸ್ತೆ. ಪೋಲ್ನಬ್ರೋನ್ ಇರುವುದು ಈ ರಸ್ತೆಯ ಮೇಲೆ.

ಗಾಲ್ವೇಯಿಂದ ಕಿನ್‌ವಾರಾ ಮೇಲೆ ಬ್ಯಾಲಿವಾನ್‌ಗೆ ಸುಮಾರು ಒಂದು ಗಂಟೆ. ಅಲ್ಲಿಂದ ದಕ್ಷಿಣಕ್ಕೆ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿ ಪೋಲ್ನಬ್ರೋನ್. ಇನ್ನೊಂದು ಕಿಲೋಮೀಟರ್‌ಗೆ ಕ್ಯಾಹರ್‌ಕಾನೆಲ್ ಕಲ್ಲುಕೋಟೆ. ಅದನ್ನು ದಾಟಿದ ಮೇಲೆ ಎಡಕ್ಕೆ ಕ್ಯಾರನ್ ಅಂತ ಫಲಕ ಬರುತ್ತೆ. ತಿರುಗದೆ ನೇರ ಹೋದರೆ ಲೆಮನೇ ಕೋಟೆಮನೆಯ ಹತ್ತಿರ ಆರ್476 ಸಿಗುತ್ತೆ: ಬಲಕ್ಕೆ ಕಿಲ್ಫೆನೋರಾ, ಎಡಕ್ಕೆ ಕಿಲ್ನಬಾಯ್ ಮತ್ತು ಕೊರೊಫಿನ್.

ಐರ್ಲೆಂಡಿನಲ್ಲೂ ನಮ್ಮ ಹಾಗೇ ಎಡಬದಿ ಚಾಲನೆ, ಆ ಗೊಂದಲ ಇಲ್ಲ. ಕಷ್ಟ ಇರುವುದು ಅಗಲದಲ್ಲಿ. ಕ್ಯಾರನ್ ರಸ್ತೆಯಲ್ಲಿ ಹಲವು ಕಡೆ ಒಂದೇ ಗಾಡಿ ಹಿಡಿಯುತ್ತೆ, ಎರಡೂ ಬದಿ ಕಲ್ಲುಗೋಡೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಬಿಟ್ಟ ಅಗಲದ ಜಾಗಕ್ಕೆ ನೀವೇ ರಿವರ್ಸ್ ಹೋಗಬೇಕು, ಹಾಗಾಗಿ ಅಗಲದ ಜಾಗ ಎಲ್ಲೆಲ್ಲಿತ್ತು ಅಂತ ಬರುವಾಗಲೇ ನೆನಪಿಡಿ. ಆರ್ ಅಕ್ಷರದ ರಸ್ತೆಗಳಿಗೆ ಸಾಮಾನ್ಯ ಮಿತಿ 80. ಎಲ್ ಅಕ್ಷರದ ಸ್ಥಳೀಯ ರಸ್ತೆಗಳಿಗೆ 2025ರ ಫೆಬ್ರವರಿಯಿಂದ 60ಕ್ಕೆ ಇಳಿಸಿದ್ದಾರೆ. ನಿಜಕ್ಕೂ ಅಲ್ಲಿ 40 ದಾಟಿಸೋಕೆ ಆಗಲ್ಲ. ಗೋಡೆಯ ಬುಡದಲ್ಲಿ ಚೂಪು ಕಲ್ಲು ಚಾಚಿರುತ್ತೆ, ಟೈರಿನ ಪಕ್ಕ ಸೀಳುವುದು ಅಲ್ಲೇ. ಬಾಡಿಗೆ ಕಾರಿನ ವಿಮೆಯಲ್ಲಿ ಟೈರು, ಗಾಜು ಸೇರಿದೆಯಾ ಅಂತ ಕೀಲಿ ತಗೊಳ್ಳುವ ಮೊದಲೇ ಕೇಳಿ. ಪೆಟ್ರೋಲು, ತಿಂಡಿ, ನೀರು ಎಲ್ಲ ಬ್ಯಾಲಿವಾನ್ ಅಥವಾ ಕೊರೊಫಿನ್‌ನಲ್ಲೇ ತುಂಬಿಸಿಕೊಳ್ಳಿ.

ಪದಮೂಲ
ಹೆಸರುಗಳ ಅರ್ಥ ತಿಳಿದರೆ ಅರ್ಧ ನಕ್ಷೆ ಓದಿದ ಹಾಗೆ. ನಮ್ಮಲ್ಲಿ ಕೆರೆ, ಹಳ್ಳಿ, ಗುಡ್ಡ, ಕಟ್ಟೆ ಇದ್ದ ಹಾಗೆ ಅಲ್ಲೂ ಒಂದೊಂದು ತುಂಡಿಗೆ ಒಂದೊಂದು ಅರ್ಥ.

ಬರೆನ್ ಅಂದರೆ ಕಲ್ಲುನೆಲ. ಕ್ಯಾಹರ್ ಅಂದರೆ ಕಲ್ಲಿನ ಸುತ್ತುಕೋಟೆ. ಕಿಲ್ ಅಂದರೆ ಹಳೇ ಚರ್ಚು, ಬ್ಯಾಲಿ ಅಂದರೆ ಊರು, ಸ್ಲೀವ್ ಅಂದರೆ ಬೆಟ್ಟ, ಪೋಲ್ ಅಂದರೆ ಗುಂಡಿ. ಟರ್ಲಾಖ್ ಅಂದರೆ ಒಣಕೆರೆ.

ಪೋಲ್ನಬ್ರೋನ್ ವಿಷಯದಲ್ಲಿ ಒಂದು ತಪ್ಪು ಎಲ್ಲ ಕಡೆ ಓಡಾಡುತ್ತಿದೆ. "ದುಃಖದ ಗುಂಡಿ" ಅಂತ ಅನುವಾದಿಸುತ್ತಾರೆ. ಐರಿಷ್‌ನಲ್ಲಿ ಬ್ರೋನ್ ಅಂದರೆ ದುಃಖ ಹೌದು, ಆದರೆ ಬೀಸುಕಲ್ಲು ಅನ್ನುವ ಪದದ ಷಷ್ಠಿ ರೂಪವೂ ಅದೇ. ಜಾಗದ ಹೆಸರು "ಬೀಸುಕಲ್ಲಿನ ಗುಂಡಿ". ಸಮಾಧಿ ಅಂತ ಗೊತ್ತಾದ ಮೇಲೆ ದುಃಖದ ಅರ್ಥ ಜನರಿಗೆ ಹಿಡಿಸಿಬಿಟ್ಟಿದೆ.

ಕಲ್ಲುಹೂವು
ಅಲ್ಲಿ ಹೋಗಿ ಬರೀ ಬೂದು ಬಂಡೆ ಅಂದುಕೊಂಡು ವಾಪಸ್ ಬರುವವರೇ ಹೆಚ್ಚು. ನೀರು ಎಲ್ಲಿ ಹೋಗುತ್ತೆ ಅನ್ನುವುದು ತಿಳಿದರೆ ಮಾತ್ರ ಆ ನೆಲ ಅರ್ಥ ಆಗುತ್ತೆ.

ಸುಮಾರು 33 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲು ಇದು. ಕಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಹವಳ, ಚಿಪ್ಪಿನ ಗುರುತು ಸಿಗುತ್ತೆ. ಹಿಮನದಿಗಳು ಮೇಲಿನ ಮಣ್ಣು ಕೆರೆದು ಹಾಕಿದವು, ಉಳಿದ ಮಣ್ಣಲ್ಲಿ ಬಹುಪಾಲು ಆಮೇಲೆ ಜನ ಕಾಡು ಕಡಿದು ದನ ಮೇಯಿಸಿದ್ದರಿಂದ ಕೊಚ್ಚಿ ಹೋಯಿತು. ಮಳೆನೀರಿನಲ್ಲಿ ಸ್ವಲ್ಪ ಆಮ್ಲ ಇರುತ್ತಲ್ಲ, ಅದು ಬಂಡೆಯ ಕೀಲುಗಳನ್ನು ಕರಗಿಸುತ್ತಾ ಹೋಗಿದೆ. ಹಾಗಾಗಿ ನೆಲ ದೊಡ್ಡ ದೊಡ್ಡ ಹಾಸುಗಲ್ಲಿನ ಹಾಗೆ ಕಾಣುತ್ತೆ, ನಡುವೆ ಆಳದ ಸೀಳುಗಳು. ಬಿದ್ದ ಮಳೆ ನಿಲ್ಲುವುದೇ ಇಲ್ಲ, ಸೀಳಿನಲ್ಲಿಳಿದು ಅಡಿಯ ಗುಹೆಗಳಿಗೆ ಹೋಗುತ್ತೆ. ಇಡೀ ಬರೆನ್‌ನಲ್ಲಿ ಸಮುದ್ರದವರೆಗೂ ನೆಲದ ಮೇಲೇ ಹರಿಯುವ ನದಿ ಅಂದರೆ ಫನೋರ್ ಹತ್ತಿರದ ಕ್ಯಾಹರ್ ನದಿ.

ಈಗ ಕ್ಯಾರನ್‌ಗೆ ಬನ್ನಿ. ಊರಿನ ಕೆಳಗೆ ಒಂದು ಅಗಲವಾದ ತಗ್ಗು ಇದೆ. ಬೇಸಿಗೆಯಲ್ಲಿ ಹಸಿರು ಹುಲ್ಲುಗಾವಲು, ದನ ಮೇಯುತ್ತಿರುತ್ತವೆ. ಚಳಿಗಾಲದಲ್ಲಿ ಅದೇ ಜಾಗ ಸರೋವರ, ಹೂಪರ್ ಹಂಸಗಳು ತೇಲುತ್ತಿರುತ್ತವೆ. ಇದೇ ಕ್ಯಾರನ್ ಟರ್ಲಾಖ್, ದೇಶದ ದೊಡ್ಡ ಟರ್ಲಾಖ್‌ಗಳಲ್ಲಿ ಒಂದು. ನಮ್ಮ ಕೆರೆ ಹಾಗೆ ಬರೀ ಹೊಳೆ ಬಂದು ತುಂಬುವುದಲ್ಲ. ಅಂತರ್ಜಲ ಏರಿದಾಗ ತಳದ ಬಾಯಿಗಳಿಂದ ನೀರು ಮೇಲಕ್ಕೆ ಬರುತ್ತೆ, ಇಳಿದಾಗ ಅವೇ ಬಾಯಿಗಳಿಂದ ವಾಪಸ್ ಹೋಗುತ್ತೆ. ಕೋಡಿಯೂ ಇಲ್ಲ, ತೂಬೂ ಇಲ್ಲ. ಊರಿನ ದಕ್ಷಿಣಕ್ಕೆ ರಸ್ತೆ ಪಕ್ಕ ಪಾಳುಬಿದ್ದ ಮಧ್ಯಯುಗದ ಚರ್ಚಿದೆ, ಅಲ್ಲಿಂದ ಇಡೀ ತಗ್ಗು ಕಾಣುತ್ತೆ. ಅಪ್ಪ ಅಮ್ಮನಿಗೆ ಹೇಳಿ ಮಾಡಿಸಿದ ಜಾಗ.

ಶಾಸನಪ್ರಿಯ
ಪೋಲ್ನಬ್ರೋನ್ ಹತ್ತು ನಿಮಿಷದ ಜಾಗ ಅಲ್ಲ. ಏನು ನೋಡಬೇಕು ಅಂತ ಗೊತ್ತಿದ್ದರೆ ಮುಕ್ಕಾಲು ಗಂಟೆ ಬೇಕು.

ನೆಟ್ಟ ಕಲ್ಲುಗಳ ಮೇಲೆ ಓರೆಯಾಗಿ ಕೂತ ಚಪ್ಪಡಿ ಸುಮಾರು 4 ಮೀಟರ್ ಉದ್ದ, ದಪ್ಪ ಬರೀ 30 ಸೆಂಟಿಮೀಟರ್. ಸುತ್ತ ತಗ್ಗಾದ ಕಲ್ಲುರಾಶಿ ಕಾಣುತ್ತಲ್ಲ, ಅದು ನೆಟ್ಟ ಕಲ್ಲುಗಳಿಗೆ ಆಸರೆ. 1985ರಲ್ಲಿ ಪ್ರವೇಶದ ಒಂದು ಕಂಬದಲ್ಲಿ ದೊಡ್ಡ ಬಿರುಕು ಕಂಡಿತು. ದುರಸ್ತಿ ಮಾಡಲೇಬೇಕಾಗಿ ಬಂದದ್ದರಿಂದ 1986 ಮತ್ತು 1988ರಲ್ಲಿ ಪುರಾತತ್ವಜ್ಞೆ ಆನ್ ಲಿಂಚ್ ಉತ್ಖನನ ನಡೆಸಿದರು. ಒಡೆದ ಕಂಬದ ಬದಲು ಹೊಸ ಕಲ್ಲು ನಿಲ್ಲಿಸಿದ್ದಾರೆ.

ಕೋಣೆಯ ಒಳಗೆ, ನೆಲಬಂಡೆಯ ಸೀಳುಗಳಲ್ಲಿ, ಕನಿಷ್ಠ 33 ಜನರ ಮೂಳೆಗಳು ಸಿಕ್ಕವು. ಕ್ರಿ.ಪೂ. 3800ರಿಂದ 3200ರ ನಡುವೆ, ಅಂದರೆ ಆರುನೂರು ವರ್ಷ, ಅದೇ ಗೋರಿಯನ್ನು ಬಳಸಿದ್ದಾರೆ. ದೊಡ್ಡವರಲ್ಲಿ ಬಹುತೇಕರು ಮೂವತ್ತು ದಾಟಿರಲಿಲ್ಲ. ಭಾರ ಹೊತ್ತು ಕುತ್ತಿಗೆ ಭುಜದ ಕೀಲು ಸವೆದಿದ್ದವು. ಒಬ್ಬನ ಸೊಂಟದ ಮೂಳೆಯಲ್ಲಿ ಕಲ್ಲಿನ ಬಾಣದ ಮೊನೆ ಮುರಿದು ಉಳಿದಿತ್ತು. 2020ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ ಅಲ್ಲಿನ ಆರು ತಿಂಗಳ ಒಂದು ಗಂಡುಕೂಸಿಗೆ ಡೌನ್ ಸಿಂಡ್ರೋಮ್ ಇದ್ದದ್ದು ಗೊತ್ತಾಯಿತು. ಮಗುವಿಗೆ ಎದೆಹಾಲು ಕುಡಿಸಿದ್ದರ ಗುರುತೂ ಮೂಳೆಯಲ್ಲಿತ್ತು. ಐದೂವರೆ ಸಾವಿರ ವರ್ಷದ ಹಿಂದಿನ ಆ ಕೂಸನ್ನೂ ಎಲ್ಲರ ಜೊತೆಗೇ ಅಲ್ಲಿ ಮಲಗಿಸಿದ್ದಾರೆ. ಹಗ್ಗದ ಆಚೆ ನಿಂತು ಇದನ್ನು ನೆನೆದು ನೋಡಿ.

ಬೆಣಕಲ್ಲು
ನಮ್ಮ ಹಿರೇಬೆಣಕಲ್‌ನ ಮೋರ್ಯರ ಗುಡ್ಡದಲ್ಲೂ ಇಂಥವೇ ಇವೆಯಲ್ಲ? ಎರಡಕ್ಕೂ ಏನಾದರೂ ನಂಟು?

ಶಾಸನಪ್ರಿಯ
ನಂಟಿಲ್ಲ. ನೋಟಕ್ಕೆ ಹೋಲಿಕೆ ಇದೆ ಅಷ್ಟೇ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಕಬ್ಬಿಣ ಯುಗದ್ದು, ಪೋಲ್ನಬ್ರೋನ್‌ಗಿಂತ ಎರಡೂವರೆ ಮೂರು ಸಾವಿರ ವರ್ಷ ಈಚಿನದು. ಅಲ್ಲಿ ಗ್ರಾನೈಟ್ ಚಪ್ಪಡಿಗಳಿಂದ ಪೆಟ್ಟಿಗೆಯ ಹಾಗೆ ಕಟ್ಟಿದ್ದಾರೆ, ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡು ಕಿಂಡಿ ಕೊರೆದಿದ್ದಾರೆ. ಇಲ್ಲಿ ಸುಣ್ಣಕಲ್ಲು ಪದರ ಪದರವಾಗಿ ತಾನೇ ಏಳುತ್ತೆ. ಚಪ್ಪಡಿ ಸುಲಭವಾಗಿ ಸಿಗುವ ನೆಲದಲ್ಲಿ ಜನ ಚಪ್ಪಡಿಯ ಮನೆ ಕಟ್ಟಿದ್ದಾರೆ. ಹಿರೇಬೆಣಕಲ್‌ನಲ್ಲಿ ನೂರಾರು ಗೋರಿ ಒಂದೇ ಕಡೆ ಇವೆ, ಆ ಹರವು ಪೋಲ್ನಬ್ರೋನ್‌ನಲ್ಲಿಲ್ಲ.

ಹಸು_ಹುಲ್ಲು
ಇಲ್ಲಿವರೆಗೆ ಯಾರೂ ದನದ ವಿಷಯ ಎತ್ತಿಲ್ಲ. ಕ್ಯಾರನ್ ಅಂದರೆ ಮೊದಲು ದನ, ಆಮೇಲೆ ಹೂವು.

ಹಿಮಾಲಯದಲ್ಲೋ ಆಲ್ಪ್ಸ್‌ನಲ್ಲೋ ಬೇಸಿಗೆಗೆ ದನ ಮೇಲಕ್ಕೆ ಹತ್ತಿಸಿ ಚಳಿಗೆ ಕೆಳಗಿಳಿಸುತ್ತಾರೆ. ಬರೆನ್‌ನಲ್ಲಿ ತಿರುಗಾಮುರುಗಾ. ಅಕ್ಟೋಬರ್ ಕೊನೆಗೆ ದನಗಳನ್ನು ಗುಡ್ಡಕ್ಕೆ ಹತ್ತಿಸುತ್ತಾರೆ, ಏಪ್ರಿಲ್ ಕೊನೆಗೆ ಇಳಿಸುತ್ತಾರೆ. ಇದಕ್ಕೆ ವಿಂಟರೇಜ್ ಅಂತ ಹೆಸರು. ಕಾರಣ ಮೂರು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಕುಡಿಯಲು ನೀರಿಲ್ಲ, ಚಳಿಗಾಲದಲ್ಲಿ ಊಟೆಗಳು ಹರಿಯುತ್ತವೆ. ಬೇಸಿಗೆಯ ಬಿಸಿಲನ್ನು ಹೀರಿಕೊಂಡ ಬಂಡೆ ಅದನ್ನು ನಿಧಾನಕ್ಕೆ ಬಿಡುತ್ತೆ, ಸಮುದ್ರವೂ ಹತ್ತಿರ, ಹಾಗಾಗಿ ನೆಲ ಬೆಚ್ಚಗಿದ್ದು ಹುಲ್ಲು ಹೆಚ್ಚು ದಿನ ಬೆಳೆಯುತ್ತೆ. ನೀರು ಬಸಿಯುವುದರಿಂದ ದನಕ್ಕೆ ಮಲಗಲು ಒಣ ಜಾಗ ಸಿಗುತ್ತೆ, ಕೊಟ್ಟಿಗೆಯ ಕೆಸರಿಲ್ಲ.

ಹೂವಿಗೂ ಇದಕ್ಕೂ ನೇರ ಸಂಬಂಧ. ಚಳಿಗಾಲವಿಡೀ ಒರಟು ಹುಲ್ಲನ್ನು ದನ ಮೇದು ಮುಗಿಸುತ್ತೆ. ವಸಂತಕ್ಕೆ ಹೂ ಏಳುವ ಹೊತ್ತಿಗೆ ದನ ಕೆಳಗೆ ಹೋಗಿರುತ್ತೆ. ಬೆಳಕು ನೆಲಕ್ಕೆ ಬೀಳುತ್ತೆ, ಗಿಡವನ್ನು ತುಳಿಯುವವರಿಲ್ಲ. ಮೇಯಿಸುವುದು ನಿಲ್ಲಿಸಿದರೆ ಮೊದಲು ಹುಲ್ಲು ಒಣಗಿ ಚಾಪೆ ಕಟ್ಟುತ್ತೆ, ಆಮೇಲೆ ಹೇಝಲ್ ಪೊದೆ ನುಗ್ಗುತ್ತೆ.

ಕೆಟ್ಟದ್ದು ಎಲ್ಲಿ ಅಂದರೆ, ಮೇವಿನ ಸೈಲೇಜ್ (ಹುಳಿಸಿಟ್ಟ ಹಸಿಹುಲ್ಲು) ತಂದು ಗುಡ್ಡದ ಮೇಲೆ ಒಂದೇ ಕಡೆ ಸುರಿಯಲು ಶುರುವಾದಾಗ. ದನ ಅಲ್ಲೇ ನಿಂತುಬಿಡುತ್ತೆ, ಉಳಿದ ಗುಡ್ಡ ಮೇಯುವುದಿಲ್ಲ, ನಿಂತ ಜಾಗ ತುಳಿದು ಕೆಸರು, ಸಗಣಿಯ ಸಾರ ಸೀಳಿನಿಂದ ನೇರ ಕುಡಿಯುವ ನೀರಿಗೆ. 2005ರಿಂದ 2010ರವರೆಗೆ ನಡೆದ ಬರೆನ್‌ಲೈಫ್ ಯೋಜನೆಯಲ್ಲಿ ರೈತರ ಜೊತೆ ಕೂತು ಇದಕ್ಕೆ ದಾರಿ ಹುಡುಕಿದರು: ಸೈಲೇಜ್ ಬದಲು ಅಳತೆಯ ಹಿಂಡಿ ಆಹಾರ, ಒಳಭಾಗಕ್ಕೆ ನೀರಿನ ತೊಟ್ಟಿ, ಪೊದೆ ಸವರಿ ದನ ಓಡಾಡುವ ದಾರಿ. ಆಮೇಲೆ ಬಂದ ಪದ್ಧತಿಯಲ್ಲಿ ಪ್ರತಿ ಹುಲ್ಲುಗಾವಲಿಗೆ ಹತ್ತರವರೆಗೆ ಅಂಕ, ಅಂಕ ಏರಿದಷ್ಟೂ ರೈತನಿಗೆ ಹೆಚ್ಚು ಹಣ. ಹೂವಿನ ನೆಲವನ್ನು ಕಾಪಾಡಿದ್ದಕ್ಕೆ ಬೆಲೆ ಕಟ್ಟಿದ್ದು ಸರಿಯಾದ ಕೆಲಸ, ಬೇರೆ ಕಡೆಯವರೂ ಇದನ್ನು ನೋಡಿ ಕಲಿಯಬೇಕು.

ಶಾಸನಪ್ರಿಯ
ಇಲ್ಲಿನ ದನಸಾಕಣೆಗೆ ಹಳೆಯ ಸಾಕ್ಷಿಯೂ ಇದೆ. ಕ್ಯಾರನ್‌ನಿಂದ ದಕ್ಷಿಣಕ್ಕೆ ಕ್ಯಾಹರ್‌ಕಮಾನ್ ಅನ್ನುವ ಕೋಟೆ, ಕಣಿವೆಯ ಕಡಿದಾದ ಅಂಚಿನ ಮೇಲೆ. ಮೂರು ಸುತ್ತು ಗೋಡೆ, ಹೊರಗಿನ ಎರಡೂ ಅರ್ಧಚಂದ್ರದ ಹಾಗೆ ಬಂದು ಪ್ರಪಾತದ ಅಂಚಿಗೆ ನಿಲ್ಲುತ್ತವೆ. ಒಳಗೋಡೆಯ ದಪ್ಪ ಎಂಟು ಮೀಟರ್ ದಾಟುತ್ತೆ. 1934ರಲ್ಲಿ ಹಾರ್ವರ್ಡ್ ತಂಡ ಅಗೆದಾಗ ಬೆಳ್ಳಿಯ ಸೂಜಿಪದಕ ಸಿಕ್ಕಿತು, ಕೋಟೆ ಒಂಬತ್ತನೇ ಶತಮಾನದ್ದು ಅಂತ ಲೆಕ್ಕ ಹಾಕಿದರು. ರಾಶಿ ರಾಶಿ ಸಿಕ್ಕ ಪ್ರಾಣಿಮೂಳೆಗಳಲ್ಲಿ ಬಹುಪಾಲು ದನದ್ದೇ.

ದಾರಿಹುಡುಕ
ಎಲ್ಲರಿಗೂ ಧನ್ಯವಾದ. ಏಪ್ರಿಲ್ ಕೊನೆಗೆ ಹೂವು ಇರುತ್ತಾ? ಬಂಡೆಯ ಮೇಲೆ ಅಮ್ಮ ನಡೆಯಬಹುದಾ?

ಕಲ್ಲುಹೂವು
ಇರುತ್ತೆ. ಸ್ಪ್ರಿಂಗ್ ಜೆನ್ಶಿಯನ್ ಏಪ್ರಿಲ್ ಮೇ ತಿಂಗಳದ್ದು. ಹುಡುಕುವ ಬಗೆ ಹೇಳ್ತೀನಿ: ಬಂಡೆಯ ಮೇಲೆ ಅಲ್ಲ, ಬಂಡೆಗಳ ನಡುವಿನ ತೆಳು ಮಣ್ಣಿನ ಗಿಡ್ಡ ಹುಲ್ಲಿನಲ್ಲಿ ನೋಡಿ. ಗಿಡ ಬೆರಳುದ್ದವೂ ಇಲ್ಲ, ಐದು ದಳ, ಶಂಖಪುಷ್ಪಕ್ಕಿಂತ ಗಾಢ ನೀಲಿ, ನಡುವೆ ಬಿಳಿ ಚುಕ್ಕೆ. ಮೋಡ ಕವಿದರೆ ಹೂವು ಮುಚ್ಚಿಕೊಳ್ಳುತ್ತೆ, ಪಕ್ಕದಲ್ಲೇ ನಿಂತರೂ ಕಾಣಲ್ಲ. ಆದ್ದರಿಂದ ಬಿಸಿಲು ಬಂದ ಹೊತ್ತಿಗೆ ಬೇರೆ ಕೆಲಸ ಬಿಟ್ಟು ಹುಲ್ಲಿನ ಕಡೆ ಹೋಗಿ. ಬಿಳಿಯ ಮೌಂಟನ್ ಏವನ್ಸ್ ಮೇ ತಿಂಗಳಲ್ಲಿ ಜೋರು.

ಸೀಳುಗಳ ಒಳಗೂ ಬಗ್ಗಿ ನೋಡಿ. ನಮ್ಮ ಹಳೇ ಬಾವಿಗಳ ಒಳಗೋಡೆಯಲ್ಲಿ ಕಪ್ಪು ಕಡ್ಡಿಯ ಸಣ್ಣೆಲೆ ಜರಿಗಿಡ ಇರುತ್ತಲ್ಲ, ಅದೇ ಅಡಿಯಾಂಟಮ್ ಕುಲದ ಗಿಡ ಅಲ್ಲಿ ಸೀಳಿನಲ್ಲಿ ಬೆಳೆಯುತ್ತೆ. ಮೇಲೆ ಧ್ರುವಪ್ರದೇಶದ ಹೂವು, ಕೈಯಳತೆ ಕೆಳಗೆ ಬೆಚ್ಚನೆ ನಾಡಿನ ಜರಿಗಿಡ. ಬರೆನ್‌ನ ಸೋಜಿಗ ಇದೇ. ಕಿತ್ತು ತರಬೇಡಿ.

ಗಾಲ್ವೇ_ಕನ್ನಡ
ನಡೆಯುವುದರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಒಣಗಿದ ಸುಣ್ಣಕಲ್ಲು ಕಾಲಿಗೆ ಒಳ್ಳೆ ಹಿಡಿತ ಕೊಡುತ್ತೆ, ಒದ್ದೆಯಾದರೆ ಸೋಪು. ಮಳೆ ನಿಂತು ಒಂದೆರಡು ಗಂಟೆ ಬಿಟ್ಟು ಇಳಿಯಿರಿ. ಸೀಳುಗಳು ಒಂದು ಎರಡು ಮೀಟರ್ ಆಳ ಇರಬಹುದು, ಬಾಯಿಗೆ ಹುಲ್ಲು ಮುಚ್ಚಿರುತ್ತೆ. ಕಾಲು ಮುರಿಯುವುದು ಹಾಗೆ. ಅಲುಗಾಡುವ ಚಪ್ಪಡಿ ಇನ್ನೊಂದು ಅಪಾಯ, ಪೂರ್ತಿ ಭಾರ ಹಾಕುವ ಮೊದಲು ಕಾಲಲ್ಲಿ ಒತ್ತಿ ನೋಡಿ. ಕಣಕಾಲು ಮುಚ್ಚುವ ಬೂಟು ಬೇಕು. ನಡಿಗೆ ಕೋಲು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತೆ, ಹುಷಾರು.

ಅಮ್ಮನಿಗೆ ಪೋಲ್ನಬ್ರೋನ್ ದಾರಿ ಸರಿ, ವಾಹನ ನಿಲ್ದಾಣದಿಂದ ಕೆಲವೇ ನಿಮಿಷ. ಕ್ಯಾಹರ್‌ಕಾನೆಲ್ ಕೂಡ ಸರಿ: 42 ಮೀಟರ್ ಅಗಲದ ದುಂಡು ಕೋಟೆ, ಮೂರು ಮೀಟರ್ ದಪ್ಪದ ಗೋಡೆ, ಕುರಿನಾಯಿ ಪ್ರದರ್ಶನವೂ ಇರುತ್ತೆ. ಕ್ಯಾಹರ್‌ಕಮಾನ್ ಬೇಡ, ಕಾಲುದಾರಿ ಒರಟು. ಟೆಂಪಲ್ ಕ್ರೋನನ್ ಚರ್ಚಿಗೆ ನೀವೊಬ್ಬರೇ ಹೋಗಿ ಬನ್ನಿ.

ಪದಮೂಲ
ಟೆಂಪಲ್ ಕ್ರೋನನ್ ತಪ್ಪಿಸಿಕೊಳ್ಳಬೇಡಿ. ಊರಿನ ಈಶಾನ್ಯಕ್ಕೆ, ಹೊಲ ದಾಟಿ ಹೋಗಬೇಕು. ಹನ್ನೆರಡನೇ ಶತಮಾನದ ಪುಟ್ಟ ಚರ್ಚು, ಹೊರಗೋಡೆಯಿಂದ ಮನುಷ್ಯರ, ಪ್ರಾಣಿಗಳ ತಲೆ ಚಾಚಿಕೊಂಡಿವೆ. ಪಕ್ಕದಲ್ಲಿ ಗುಡಾರದ ಆಕಾರದ ಎರಡು ಕಲ್ಲುಗೋರಿ, ಎರಡು ಚಪ್ಪಡಿ ಒಂದಕ್ಕೊಂದು ಒರಗಿಸಿದ ಹಾಗೆ.

ಅದರಾಚೆ ಸ್ಲೀವ್ ಕ್ಯಾರನ್ ಬುಡದ ಹೇಝಲ್ ಕಾಡಿನಲ್ಲಿ ಸಂತ ಕೊಲ್ಮನ್‌ನ ಆಶ್ರಮದ ಪಾಳು, ಗುಹೆ, ಪವಿತ್ರ ಬಾವಿ. ಉಪವಾಸ ಮುಗಿದ ಈಸ್ಟರ್ ದಿನ ಕಿನ್‌ವಾರಾದ ರಾಜ ಗ್ವಾರೆಯ ಊಟದ ತಟ್ಟೆಗಳು ಹಾರಿ ಇಲ್ಲಿಗೆ ಬಂದವಂತೆ. ಆ ದಾರಿಗೆ ಇವತ್ತಿಗೂ "ತಟ್ಟೆಗಳ ರಸ್ತೆ" ಅಂತಲೇ ಐರಿಷ್ ಹೆಸರು.

ಹಸು_ಹುಲ್ಲು
ಹೊಲ ದಾಟುವ ಮಾತು ಬಂತು. ಐರ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ನಡೆಯುವ ಹಕ್ಕು ಇಲ್ಲ. ಗುರುತು ಹಾಕಿದ ದಾರಿಗಳಲ್ಲೂ ಹಲವು ರೈತರ ಒಪ್ಪಿಗೆಯ ಮೇಲೆ ನಡೆಯುತ್ತಿವೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಗಾರೆಯಿಲ್ಲದ ಗೋಡೆ ಹತ್ತಬೇಡಿ, ಒಂದು ಕಲ್ಲು ಜಾರಿದರೆ ಮೊಳದುದ್ದ ಗೋಡೆ ಕುಸಿಯುತ್ತೆ, ಅಲ್ಲಿಂದ ದನ ಹೊರಗೆ. ಕರುವಿನ ಮತ್ತು ತಾಯಿಯ ನಡುವೆ ಹೋಗಬೇಡಿ. ನಾಯಿ ಬೇಡ. ಗೇಟಿನ ಎದುರು ಕಾರು ನಿಲ್ಲಿಸಬೇಡಿ.

ಇನ್ನೊಂದು. ಪೋಲ್ನಬ್ರೋನ್ ಸುತ್ತ ಪ್ರವಾಸಿಗರು ಕಲ್ಲು ಜೋಡಿಸಿ ಗೊಂಬೆ ಡಾಲ್ಮೆನ್ (ಚಪ್ಪಡಿ ಗೋರಿ) ಕಟ್ಟಿಬಿಡುತ್ತಾರೆ. ಹಾಗೆ ಎತ್ತಿದ ಕಲ್ಲು ಹಳೇ ಗೋಡೆಯದ್ದೋ ಗಿಡಕ್ಕೆ ನೆರಳಾಗಿದ್ದ ಚಪ್ಪಡಿಯೋ ಆಗಿರುತ್ತೆ. ದಯವಿಟ್ಟು ಒಂದನ್ನೂ ಎತ್ತಬೇಡಿ.

ಸೆಣಸು
ಕ್ಯಾರನ್ ಅಂದಾಗ ಮೈಕಲ್ ಕ್ಯೂಸಾಕ್ ಹೆಸರು ಬರಲೇಬೇಕು. ಮಹಾಕ್ಷಾಮದ ನಡುವೆ, 1847ರಲ್ಲಿ, ಇಲ್ಲೇ ಹುಟ್ಟಿದ ಐರಿಷ್ ಮಾತಿನ ಮನೆಯ ಹುಡುಗ, ಶಾಲಾ ಮೇಷ್ಟ್ರಾದವರು. 1884ರ ನವೆಂಬರ್ 1ರಂದು ಥರ್ಲ್ಸ್ ಊರಿನ ಹೋಟೆಲೊಂದರಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟುಹಾಕಿದರು. ಹರ್ಲಿಂಗ್ (ಕೋಲು ಚೆಂಡಿನ ಆಟ), ಗೇಲಿಕ್ ಫುಟ್‌ಬಾಲ್ ಇವತ್ತು ಊರೂರಲ್ಲಿ ಉಳಿದಿರುವುದು ಅದರಿಂದ. ಎರಡೇ ವರ್ಷಕ್ಕೆ ಕಾರ್ಯದರ್ಶಿ ಸ್ಥಾನದಿಂದ ಅವರನ್ನೇ ಇಳಿಸಿದರು, ಆದರೂ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಒಂದು ಸ್ಟ್ಯಾಂಡ್ ಅವರ ಹೆಸರಲ್ಲಿದೆ. ಹುಟ್ಟಿದ ಮನೆಯನ್ನು ಕ್ಯಾರನ್‌ನಲ್ಲಿ ಉಳಿಸಿ ಕೇಂದ್ರ ಮಾಡಿದ್ದಾರೆ. ತೆರೆಯುವ ದಿನ, ವೇಳೆ ಮೊದಲೇ ವಿಚಾರಿಸಿ.

ಗಾಲ್ವೇ_ಕನ್ನಡ
ಎರಡು ದಿನ ಹೀಗೆ ಹಂಚಿಕೊಳ್ಳಿ. ಮೊದಲ ದಿನ ಬೆಲ್ ಹಾರ್ಬರ್ ಹತ್ತಿರದ ಕಾರ್ಕಮ್ರೋ ಮಠ, ಅಲ್ಲಿಂದ ಬ್ಯಾಲಿವಾನ್, ಪೋಲ್ನಬ್ರೋನ್, ಕ್ಯಾಹರ್‌ಕಾನೆಲ್, ಸಂಜೆಗೆ ಕ್ಯಾರನ್. ಕಾರ್ಕಮ್ರೋವನ್ನು ಕಟ್ಟಿದ ಸಿಸ್ಟರ್ಸಿಯನ್ ಸಂನ್ಯಾಸಿಗಳು ಅದನ್ನು "ಫಲವತ್ತಾದ ಬಂಡೆಯ ಮರಿಯಮ್ಮ" ಅಂತ ಕರೆದರು. ಮೇಲೆ ದನದ ಬಗ್ಗೆ ಬರೆದದ್ದು ಓದಿದವರಿಗೆ ಆ ಹೆಸರು ಯಾಕೆ ಅಂತ ಹೇಳಬೇಕಿಲ್ಲ. ಪೋಲ್ನಬ್ರೋನ್‌ಗೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ, ನಡುಮಧ್ಯಾಹ್ನ ಪ್ರವಾಸಿ ಬಸ್ಸುಗಳ ಸಾಲು. ಏಪ್ರಿಲ್ ಕೊನೆಗೆ ರಾತ್ರಿ ಎಂಟೂವರೆವರೆಗೂ ಬೆಳಕಿರುತ್ತೆ, ಗಡಿಬಿಡಿ ಬೇಡ.

ಎರಡನೇ ದಿನ ದಕ್ಷಿಣ. ಕಿಲ್ನಬಾಯ್‌ನ ಪಾಳು ಚರ್ಚಿನ ಪಶ್ಚಿಮ ಗೋಡೆಯಲ್ಲಿ ಎರಡು ಅಡ್ಡಕೈ ಇರುವ ದೊಡ್ಡ ಶಿಲುಬೆ ನೋಡಿ. ಲೆಮನೇ ರಸ್ತೆಬದಿಯಲ್ಲೇ ಇದೆ, ಖಾಸಗಿ ಜಾಗ, ಹೊರಗಿಂದ ನೋಡಬೇಕು. ಬಲಗಡೆ ಕಿಟಕಿಯೇ ಇಲ್ಲದಂಥ 1480ರ ಸುಮಾರಿನ ಗೋಪುರ, ಅದಕ್ಕೆ ಅಂಟಿಸಿದ 1640ರ ದಶಕದ ನಾಲ್ಕಂತಸ್ತಿನ ಮನೆಗೆ ಸಾಲುಸಾಲು ಕಿಟಕಿ. ಭಯದ ಕಾಲ, ನೆಮ್ಮದಿಯ ಆಸೆಯ ಕಾಲ ಎರಡೂ ಒಂದೇ ಕಟ್ಟಡದಲ್ಲಿ. ಕೊನೆಗೆ ಕಿಲ್ಫೆನೋರಾ: ಕೆತ್ತನೆಯ ಎತ್ತರದ ಶಿಲುಬೆಗಳು, ಗಾಜಿನ ಛಾವಣಿ ಹಾಕಿ ಕಾಪಾಡಿದ್ದಾರೆ.

ಕಾರಿಲ್ಲದವರಿಗೆ: 350 ನಂಬರಿನ ಬಸ್ಸು ಗಾಲ್ವೇಯಿಂದ ಬ್ಯಾಲಿವಾನ್, ಡೂಲಿನ್ ಮೇಲೆ ಎನ್ನಿಸ್‌ಗೆ ಕರಾವಳಿ ಹಿಡಿದು ಹೋಗುತ್ತೆ, ಕ್ಯಾರನ್‌ಗೆ ಬರಲ್ಲ.

ದಾರಿಹುಡುಕ
ಕೊನೆಯ ಪ್ರಶ್ನೆ. ನಾವು ಹೋಗುವ ಹೊತ್ತಿಗೆ ಟರ್ಲಾಖ್‌ನಲ್ಲಿ ನೀರು ಇರುತ್ತಾ?

ಕಲ್ಲುಹೂವು
ಆ ವರ್ಷದ ಮಳೆಯ ಮೇಲೆ ಹೋಗುತ್ತೆ. ಸಾಮಾನ್ಯವಾಗಿ ಆ ಹೊತ್ತಿಗೆ ಇಳಿಯುತ್ತಿರುತ್ತೆ, ನಡುವೆ ಸ್ವಲ್ಪ ಉಳಿದಿರಬಹುದು. ಜೋರು ಮಳೆ ಬಂದರೆ ಬೇಸಿಗೆಯಲ್ಲೂ ಮತ್ತೆ ಏರಿಬಿಡುತ್ತೆ. ಒಣಗಿದ್ದರೂ ಚಳಿಗಾಲದ ಮಟ್ಟ ಕಂಡುಹಿಡಿಯಬಹುದು. ತಗ್ಗಿನೊಳಗಿನ ಬಂಡೆ, ಕಲ್ಲುಗೋಡೆಗಳ ಮೇಲೆ ಕಪ್ಪು ಪಾಚಿ ಕಟ್ಟಿರುತ್ತೆ, ಒಣಗಿದಾಗ ಮುಟ್ಟಿದರೆ ಸುಟ್ಟ ನಾರಿನ ಹಾಗೆ ಗರಿಗರಿ. ನೀರು ಏರಿಳಿಯುವ ಕಡೆ ಬೆಳೆಯುವ ಪಾಚಿ ಅದು. ಗೋಡೆಯ ಮೇಲೆ ಆ ಕಪ್ಪು ನಿಂತು ಬಿಳಿ ಕಲ್ಲುಹೂ ಶುರುವಾಗುವ ಗೆರೆ ಎಲ್ಲಿದೆಯೋ, ನೀರು ಅಲ್ಲಿವರೆಗೆ ಬಂದು ನಿಲ್ಲುತ್ತೆ. ಗೋಡೆಯ ಪಕ್ಕ ನಿಂತು ನೋಡಿ, ಎಷ್ಟೋ ಕಡೆ ಆ ಗೆರೆ ನಿಮ್ಮ ತಲೆಗಿಂತ ಮೇಲಿರುತ್ತೆ.